ಧಾರವಾಡದಲ್ಲಿ ಹುಟ್ಟಿದ ಬೌಲರ್, ನಮ್ಮೂರ ಚಹಾ ಕಪ್

ಸಂಜೆ ಆರು ದಾಟಿದರೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೆಸರಿಗೆ ಬಯಲು, ಆದರೆ ಬಯಲು ಎಲ್ಲೂ ಕಾಣುವುದಿಲ್ಲ. ಬಟ್ಟೆ ಅಂಗಡಿಗಳ ಮುಂದೆ ಜನ, ಗಿರ್ಮಿಟ್ ಮತ್ತು ಮಿರ್ಚಿ ಗಾಡಿಗಳ ಸುತ್ತ ಇನ್ನೂ ಹೆಚ್ಚು ಜನ. ನಾನು ಊರಿನಿಂದ ಹುಬ್ಬಳ್ಳಿಗೆ ಬಂದಾಗಲೆಲ್ಲ ನನ್ನ ಗೆಳೆಯನನ್ನು ಇಲ್ಲೇ ಭೇಟಿಯಾಗುತ್ತೇನೆ. ಅವನು ಈಗ ಹುಬ್ಬಳ್ಳಿಯಲ್ಲಿ ಮನೆಗಳಿಗೆ ವೈರಿಂಗ್ ಮಾಡುತ್ತಾನೆ. ಹದಿನೈದು ವರ್ಷದ ಹಿಂದೆ ನಮ್ಮೂರ ಕ್ರಿಕೆಟ್ ತಂಡದ ಎಡಗೈ ಸ್ಪಿನ್ನರ್ ಆಗಿದ್ದ. ನನಗೆ ಆಟ ಬರುತ್ತಿರಲಿಲ್ಲ. ಸ್ಕೋರ್ ಬರೆಯುತ್ತಿದ್ದೆ.

ಹೋದ ತಿಂಗಳು ನಾವಿಬ್ಬರೂ ನಿಂತಿದ್ದ ಗಾಡಿಯ ಹುಡುಗ ಮೊಬೈಲಿನಲ್ಲಿ ಮ್ಯಾಚ್ ಹಚ್ಚಿಟ್ಟಿದ್ದ. ಒಂದು ಕಣ್ಣು ಎಣ್ಣೆ ಬಾಣಲೆಯ ಮೇಲೆ, ಒಂದು ಕಣ್ಣು ಆಟದ ಮೇಲೆ. ಗೆಳೆಯ ಮಿರ್ಚಿ ಕಚ್ಚುತ್ತ ಕೇಳಿದ, "ಗದಗದ ಸುನಿಲ್ ಜೋಶಿ ಬಿಟ್ರ ನಮ್ಮ ಕಡೆಯಿಂದ ದೊಡ್ಡ ಎಡಗೈ ಸ್ಪಿನ್ನರ್ ಯಾರ್ ಅದಾರಲೇ?"

"ಒಬ್ಬರು ಅದಾರ. ಧಾರವಾಡದಾಗ ಹುಟ್ಟಿದವರು. ನೂರು ವರ್ಷದ ಹಿಂದ ಇಂಗ್ಲೆಂಡಿಗೆ ಹೋಗಿ ಒಂದ ಸೀಸನ್‌ನಾಗ 114 ವಿಕೆಟ್ ತಗೊಂಡಾರ," ಅಂದೆ.

ಅವನು ನಗಾಡಿದ. ಸುಳ್ಳು ಅಂದುಕೊಂಡ. ಆಮೇಲೆ ಗಿರ್ಮಿಟ್ ಮುಗಿಯುವವರೆಗೂ ನಾನು ಹೇಳಿದ್ದು ಪಾಲ್ವಂಕರ್ ಬಾಲೂ ಅವರ ಕಥೆ. ನಿಮಗೂ ಹೇಳುತ್ತೇನೆ.

ಬಾಲೂ ಹುಟ್ಟಿದ್ದು 1870ರ ದಶಕದಲ್ಲಿ, ಧಾರವಾಡದಲ್ಲಿ. ಮನೆತನ ಕೊಂಕಣದ್ದು. ತಂದೆ ಸೈನ್ಯದಲ್ಲಿದ್ದರು. ಆಗ ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಚಮ್ಮಾರ ಸಮುದಾಯ ಅವರದು. ಮುಂದೆ ಸಂಸಾರ ಪುಣೆಗೆ ಹೋಯಿತು. ಹುಡುಗ ಬಾಲೂಗೆ ಅಲ್ಲಿ ಕ್ರಿಕೆಟ್ ಮೈದಾನದಲ್ಲಿ ಕೆಲಸ ಸಿಕ್ಕಿತು. ಆಡುವ ಕೆಲಸವಲ್ಲ, ಕಸ ಗುಡಿಸುವ ಮತ್ತು ಪಿಚ್ ಮೇಲೆ ರೋಲರ್ ಎಳೆಯುವ ಕೆಲಸ. ನಂತರ ಯುರೋಪಿಯನ್ನರ ಪೂನಾ ಕ್ಲಬ್ ಸೇರಿದರು. ತಿಂಗಳಿಗೆ 4 ರೂಪಾಯಿ ಸಂಬಳ. ನೆಟ್ ಕಟ್ಟುವುದು, ಗೆರೆ ಹಾಕುವುದು, ಬಿಡುವಿದ್ದಾಗ ಸಾಹೇಬರಿಗೆ ಬೌಲಿಂಗ್ ಮಾಡುವುದು.

ಕ್ಲಬ್ಬಿನ ಒಳ್ಳೆಯ ಬ್ಯಾಟ್ಸ್‌ಮನ್ ಗ್ರೆಗ್ ಎಂಬ ಸಾಹೇಬರಿಗೆ ಈ ಹುಡುಗನ ಬೌಲಿಂಗ್ ಬಹಳ ಹಿಡಿಸಿತು. ತಮ್ಮನ್ನು ಒಂದು ಸಲ ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದರು ಎಂಬ ಮಾತಿದೆ. ಬಾಲೂ ಗಂಟೆಗಟ್ಟಲೆ ಬೌಲಿಂಗ್ ಮಾಡಿ ಕೈ ಪಳಗಿಸಿಕೊಂಡರು. ಆದರೆ ಬ್ಯಾಟ್ ಅವರ ಕೈಗೆ ಸಿಗಲಿಲ್ಲ. ಬ್ಯಾಟಿಂಗ್ ದೊಡ್ಡವರದು, ಬೌಲಿಂಗ್ ಆಳಿನದು ಎಂಬ ಕಾಲ ಅದು.

ಇಷ್ಟು ಕೇಳಿ ಗೆಳೆಯ ಅಂದ, "ನನಗೂ ಹನ್ನೊಂದನೇ ನಂಬರಿಗೇ ಬ್ಯಾಟ್ ಕೊಡ್ತಿದ್ರಿ, ನೆನಪೈತೇನು?"

ನೆನಪಿತ್ತು. ನಾನು ಮಾತು ಮುಂದುವರಿಸಿದೆ.

ಪುಣೆಯ ಹಿಂದೂಗಳ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸಬೇಕಿತ್ತು. ಬಾಲೂ ಇಲ್ಲದೆ ಅದು ಆಗದು ಎಂದು ಅವರಿಗೂ ಗೊತ್ತಿತ್ತು. ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಮೇಲ್ಜಾತಿಯ ಆಟಗಾರರು ಬಾಲೂ ಮುಟ್ಟಿದ ಚೆಂಡನ್ನೇ ಹಿಡಿಯುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಬಾಲೂ ಹೊರಗೆ. ಒಳಗಿದ್ದವರಿಗೆ ಪಿಂಗಾಣಿ ಕಪ್, ಇವರಿಗೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಊಟದ ತಟ್ಟೆಯೂ ಬೇರೆ, ಕೂರುವ ಜಾಗವೂ ಬೇರೆ. ಚೆಂಡಿಗೆ ಮೈಲಿಗೆ ಇರಲಿಲ್ಲ, ಕಪ್ಪಿಗೆ ಇತ್ತು.

1896ರ ಸುಮಾರಿಗೆ ಬಾಲೂ ಮುಂಬೈಗೆ ಹೋದರು. ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಹಿಂದೂ ಜಿಮ್ಖಾನಾ ಪರ ಆಡಿದರು. 1906ರಲ್ಲಿ ಹಿಂದೂಗಳ ತಂಡ ಮುಂಬೈ ಪ್ರಾಂತದ ಯುರೋಪಿಯನ್ನರನ್ನು 109 ರನ್ನಿನಿಂದ ಸೋಲಿಸಿತು. ಆ ಪಂದ್ಯದಲ್ಲಿ ಬಾಲೂ 8 ವಿಕೆಟ್ ಪಡೆದರು. ತಮ್ಮ ಶಿವರಾಮ್ ಕೂಡ ಆ ತಂಡದಲ್ಲಿದ್ದರು.

ಆಮೇಲೆ ಬಂತು 1911ರ ಸೀಸನ್. ಮೊದಲ ಸಲ 'ಅಖಿಲ ಭಾರತ' ಎಂಬ ಹೆಸರಿನಲ್ಲಿ ಒಂದು ತಂಡ ಇಂಗ್ಲೆಂಡಿಗೆ ಹಡಗು ಹತ್ತಿತು. ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು ಎಂದು ಲೆಕ್ಕ ಹಾಕಿ ಆರಿಸಿದ ತಂಡ. ನಾಯಕ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್, ಇನ್ನೂ ಹತ್ತೊಂಬತ್ತು ವರ್ಷದ ಯುವಕ. ಬೆಂಗಳೂರಿನ ಬಿ. ಜಯರಾಮ್ ಆ ತಂಡದಲ್ಲಿದ್ದರು. ಬಾಲೂ ಮತ್ತು ಶಿವರಾಮ್ ಇಬ್ಬರೂ ಇದ್ದರು. ಅಂದರೆ ಊರಿನ ಬಾವಿ ಮುಟ್ಟಲು ಬಿಡದ ಸಮುದಾಯದ ಅಣ್ಣತಮ್ಮಂದಿರು ಇಡೀ ದೇಶದ ಹೆಸರಿನಲ್ಲಿ ಆಡಲು ಹೋದರು.

ಅದು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ. ಮಹಾರಾಜರಿಗೆ ಔತಣಗಳೇ ಹೆಚ್ಚು, ಅವರು ಆಡಿದ್ದು ಕೆಲವೇ ಪಂದ್ಯ. ತಂಡ ಮೊದಮೊದಲು ಸೋಲುತ್ತಲೇ ಹೋಯಿತು. ಬಾಲೂಗೆ ಆಗಲೇ ಮೂವತ್ತೈದರ ಆಸುಪಾಸು, ಭುಜದ ನೋವು ಬೇರೆ. ಆದರೂ ಚೆಂಡು ಅವರ ಕೈಗೇ ಬರುತ್ತಿತ್ತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 103 ರನ್ನಿಗೆ 8 ವಿಕೆಟ್ ಪಡೆದರು. ಲೆಸ್ಟರ್‌ಶೈರ್ ವಿರುದ್ಧ 11 ವಿಕೆಟ್ ಕಿತ್ತು ತಂಡವನ್ನು ಗೆಲ್ಲಿಸಿದರು. ಸಾಮರ್‌ಸೆಟ್ ವಿರುದ್ಧ ತಮ್ಮ ಶಿವರಾಮ್ ಶತಕ ಹೊಡೆದರು, ತಂಡ ಒಂದೇ ವಿಕೆಟ್ಟಿನಿಂದ ಗೆದ್ದಿತು.

ಒಟ್ಟು 23 ಪಂದ್ಯ. ಗೆದ್ದದ್ದು 6, ಸೋತದ್ದು 15, ಡ್ರಾ ಆದದ್ದು 2. ಲೆಕ್ಕ ನೋಡಿದರೆ ಸೋತ ತಂಡ. ಆದರೆ ಆ ಸೋತ ತಂಡದಲ್ಲೇ ಬಾಲೂ 114 ವಿಕೆಟ್ ತೆಗೆದರು.

"ವಾಪಸ್ ಬಂದ ಮ್ಯಾಲ ಕ್ಯಾಪ್ಟನ್ ಮಾಡಿದ್ರೇನು?" ಗೆಳೆಯನ ಪ್ರಶ್ನೆ.

"ಇಲ್ಲ. ಅವರನ್ನ ಹಿಂದೂ ತಂಡದ ಕ್ಯಾಪ್ಟನ್ ಮಾಡ್ಲೇ ಇಲ್ಲ. 1923ರಾಗ ಅವರ ತಮ್ಮ ವಿಠ್ಠಲ್‌ನ ಮಾಡಿದ್ರು. ಆ ವರ್ಷ ತಂಡ ಗೆದ್ದಿತು."

"ಅಂದ್ರ ಅಣ್ಣಗ ಸಿಗಬೇಕಾದ್ದು ತಮ್ಮಗ ಸಿಕ್ತು."

ಬಾಲೂ ಮುಂದೆ ರಾಜಕೀಯಕ್ಕೂ ಬಂದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಕಾಂಗ್ರೆಸ್ಸಿನಿಂದ ಡಾ. ಅಂಬೇಡ್ಕರ್ ಅವರ ಎದುರೇ ಚುನಾವಣೆಗೆ ನಿಂತು ಸೋತರು. ಇದನ್ನು ಕೇಳಿ ಗೆಳೆಯನ ಮುಖ ಸಣ್ಣದಾಯಿತು. "ಬಾಬಾಸಾಹೇಬರ ಎದುರು ನಿಲ್ಲಬಾರದಿತ್ತು," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಬೌಲರ್ ಭಾರಿ ಇದ್ದ ಮನುಷ್ಯ," ಅಂದ. ಬಾಲೂ ತೀರಿಕೊಂಡದ್ದು 1955ರಲ್ಲಿ.

ಗಿರ್ಮಿಟ್ ಮುಗಿದಿತ್ತು. ಚಹಾ ತಗೊಂಡೆವು. ಆಗ ನನಗೆ ಹೇಳದೆ ಬಿಟ್ಟ ಇನ್ನೊಂದು ಸೀಸನ್ ನೆನಪಾಯಿತು. ನಮ್ಮೂರಿನದು.

ಆ ಬೇಸಿಗೆ ಸುತ್ತಲ ಹಳ್ಳಿಗಳ ಟೂರ್ನಮೆಂಟಿನಲ್ಲಿ ನಮ್ಮ ತಂಡ ಫೈನಲ್‌ವರೆಗೆ ಹೋಗಿತ್ತು. ಹೋದದ್ದು ಇವನ ಎಡಗೈಯಿಂದ. ಪ್ರತಿ ಮ್ಯಾಚ್ ಮುಗಿದ ಮೇಲೆ ತಂಡವೆಲ್ಲ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಗೆ ಹೋಗುತ್ತಿದ್ದೆವು. ನಮಗೆ ಗಾಜಿನ ಗ್ಲಾಸು, ಒಳಗೆ ಬೆಂಚು. ಕೆಳಗಿನ ಓಣಿಯಿಂದ ಬಂದ ಇವನಿಗೆ ಪ್ಲಾಸ್ಟಿಕ್ ಕಪ್, ಹೊರಗೆ ಕಟ್ಟೆ. ಯಾರೂ ಅವನಿಗೆ ಹೊರಗೆ ಕೂಡು ಅಂತ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅವನೇ ಹೋಗಿ ಕೂಡುತ್ತಿದ್ದ. ನಾನು ಒಳಗೆ ಬೆಂಚಿನ ಮೇಲೆ ಸ್ಕೋರ್ ಪುಸ್ತಕ ಬಿಡಿಸಿ ಅವನು ತೆಗೆದ ವಿಕೆಟ್ ಕೂಡಿಸುತ್ತಿದ್ದೆ.

ಫೈನಲ್ ದಿನ ಅವನು 5 ವಿಕೆಟ್ ತೆಗೆದ. ನಾವು ಗೆದ್ದೆವು. ಅವತ್ತೂ ಅವನು ಕಟ್ಟೆಯ ಮೇಲೆಯೇ. ನಾನು ಎದ್ದು ಹೊರಗೆ ಹೋಗಿ ಅವನ ಪಕ್ಕ ಕೂಡಬಹುದಿತ್ತು. ಹತ್ತು ಹೆಜ್ಜೆಯೂ ಆಗುತ್ತಿರಲಿಲ್ಲ. ಹೋಗಲಿಲ್ಲ. ಮನೆಯಲ್ಲಿ ಗೊತ್ತಾದರೆ ಬೈಯುತ್ತಾರೆ ಅನ್ನುವ ಹೆದರಿಕೆ ಸ್ವಲ್ಪ. ಹೆಚ್ಚಿನದು ಹೆದರಿಕೆಯಲ್ಲ, ಅದರಲ್ಲಿ ತಪ್ಪೇನಿದೆ ಎಂದು ನನಗೆ ಆಗ ಅನ್ನಿಸಿಯೇ ಇರಲಿಲ್ಲ.

ಪತ್ರಿಕೋದ್ಯಮ ಓದುವಾಗ ಬಾಲೂ ಅವರ ಮಣ್ಣಿನ ಕುಡಿಕೆಯ ವಿಷಯ ಮೊದಲ ಸಲ ಓದಿದೆ. ಮೊದಲು ಸಿಟ್ಟು ಬಂದದ್ದು ಪುಣೆಯವರ ಮೇಲೆ. ಎಂಥ ಜನ ಅಂದುಕೊಂಡೆ. ಎರಡು ದಿನ ಬಿಟ್ಟು ನಮ್ಮೂರ ಕಟ್ಟೆ ನೆನಪಾಯಿತು. ಆಮೇಲೆ ಸಿಟ್ಟು ಮಾಡಿಕೊಳ್ಳಲು ಪುಣೆಯವರೆಗೆ ಹೋಗಬೇಕಾಗಲಿಲ್ಲ.

ದುರ್ಗದಬೈಲಿನಲ್ಲಿ ಅವತ್ತು ಇದನ್ನೆಲ್ಲ ಅವನಿಗೆ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅವನು ಕಪ್ ನೋಡುತ್ತ ನಿಂತ. ಇಬ್ಬರ ಕೈಯಲ್ಲೂ ಒಂದೇ ತರದ ಕಾಗದದ ಕಪ್.

"ಈಗ ಊರಾಗ ಆ ಅಂಗಡ್ಯಾಗೂ ಎಲ್ಲಾರಿಗೂ ಇದ ಕಪ್ ಐತಿ," ಅಂದ. "ಯಾರೂ ಬುದ್ಧಿ ಕಲತು ಬದಲಾಗಿಲ್ಲಲೇ. ಗ್ಲಾಸ್ ತೊಳಿಯಾಕ ಆಳ್ ಸಿಗವಲ್ರು, ಅದಕ್ಕ. ಕಾಗದದ ಕಪ್ ಬಂದು ನಿಮ್ಮ ಮರ್ಯಾದಿ ಉಳಿಸ್ತು."

ನಾನು ನಗಲಿಲ್ಲ. ಅವನೂ ನಗಲಿಲ್ಲ.

"ಜಾತ್ರಿ ಊಟದಾಗ ಇನ್ನೂ ಪಂಕ್ತಿ ಬ್ಯಾರೆನ ಐತಿ," ಅಂದ. "ಅಲ್ಲಿ ಕಾಗದದ ತಾಟು ಬಂದ್ರೂ ಪಂಕ್ತಿ ಬ್ಯಾರೆನ."

ಆ ಸ್ಕೋರ್ ಪುಸ್ತಕ ಇನ್ನೂ ನಮ್ಮ ಮನೆಯ ಅಟ್ಟದ ಮೇಲಿದೆ. ಮೊನ್ನೆ ಇಳಿಸಿ ನೋಡಿದೆ. ಫೈನಲ್ ಪುಟದಲ್ಲಿ ಅವನ ಹೆಸರಿನ ಮುಂದೆ 5 ಎಂದು ನನ್ನದೇ ಅಕ್ಷರದಲ್ಲಿ ಸರಿಯಾಗಿ ಬರೆದಿದೆ. ಅವನು ಚಹಾ ಎಲ್ಲಿ ಕುಡಿದ ಎಂದು ಬರೆದಿಲ್ಲ. ಅದಕ್ಕೆ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಬರುವ ಜಾತ್ರೆಗೆ ಅವನು ಊರಿಗೆ ಬರುತ್ತಾನೆ. ಊಟಕ್ಕೆ ಅವನ ಪಂಕ್ತಿಯಲ್ಲಿ ಕೂಡುತ್ತೇನೆ ಎಂದು ಮನೆಯಲ್ಲಿ ಈಗಲೇ ಹೇಳಿದ್ದೇನೆ. ಅಪ್ಪ ಇನ್ನೂ ಏನೂ ಮಾತಾಡಿಲ್ಲ.