ನೀರಿನ ಮಟ್ಟ ನೋಡೋಕೆ ಗೇಟಿನ ಕೀ ಯಾಕೆ?

ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಮಳೆಗಾಲ ಬಂತೆಂದರೆ ಇವತ್ತು ಎಷ್ಟಡಿ, ಒಳಹರಿವು ಎಷ್ಟು ಅಂತ ಪೇಪರಿನಲ್ಲಿ ಹುಡುಕದ ಮನೆ ನಮ್ಮ ಜಿಲ್ಲೆಯಲ್ಲಿ ಕಡಿಮೆ. ಆ ಅಂಕಿ ನೋಡೋಕೆ ಯಾರ ಅಪ್ಪಣೆಯೂ ಬೇಡ. ಗೇಟ್ ಎತ್ತೋದು ಮಾತ್ರ ಎಂಜಿನಿಯರುಗಳ ಕೆಲಸ. ನೋಡೋದು ಬೇರೆ, ಮಾಡೋದು ಬೇರೆ. ಲಿನಕ್ಸ್‌ನಲ್ಲಿ ಇವೆರಡನ್ನೂ ಸರಿಯಾಗಿ ಬೇರ್ಪಡಿಸೋಕೆ 2020 ಬರಬೇಕಾಯಿತು.

ನಾವು ನಾಲ್ಕು ಜನ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು. ನಮ್ಮ ಪ್ರಾಜೆಕ್ಟು ಆಲೂಗೆಡ್ಡೆ ಎಲೆಯ ಫೋಟೋ ನೋಡಿ ಅಂಗಮಾರಿ ರೋಗ ಗುರುತಿಸೋದು. ಅಂಗಮಾರಿ ಹೊಲಕ್ಕೆ ಬಿದ್ದರೆ ಏನಾಗುತ್ತೆ ಅಂತ ಹಾಸನದ ಕಡೆಯವರಿಗೆ ಹೇಳಬೇಕಾಗಿಲ್ಲ. ಹಿಂದಿನ ಬ್ಯಾಚಿನಿಂದ ಬಂದ ಕೋಡ್ ಲ್ಯಾಬಿನ ಸರ್ವರಿನಲ್ಲಿ ತೆವಳುತ್ತಿತ್ತು. ಪರ್ಫ್ ಅನ್ನೋ ಟೂಲ್ ಹಾಕಿದೆವು. ಪ್ರೊಸೆಸರಿನೊಳಗೇ ಇರುವ ಕೌಂಟರುಗಳನ್ನು ಓದಿ, ಎಷ್ಟು ಸೈಕಲ್, ಎಷ್ಟು ಇನ್‌ಸ್ಟ್ರಕ್ಷನ್, ಎಷ್ಟು ಸಲ ಕ್ಯಾಶ್ ತಪ್ಪಿತು ಅಂತ ಹೇಳೋ ಟೂಲ್ ಅದು.

ಮೊದಲ ಕಾರಣ ಬೇಗ ಸಿಕ್ಕಿತು. 4000 × 3000 ಪಿಕ್ಸೆಲ್ಲಿನ ಚಿತ್ರವನ್ನು ಕೋಡ್ ಅಡ್ಡಸಾಲಿನ ಬದಲು ಮೇಲಿಂದ ಕೆಳಕ್ಕೆ ಓದುತ್ತಿತ್ತು. ಒಂದು ಕ್ಯಾಶ್ ಲೈನ್ 64 ಬೈಟ್, ಪಿಕ್ಸೆಲ್ಲಿಗೆ 3 ಬೈಟ್. ಒಂದು ಸಲ ತಂದರೆ 21 ಪಿಕ್ಸೆಲ್ ಬರುತ್ತೆ, ನಾವು ಬಳಸೋದು ಒಂದು. 32 ಕೆಬಿ ಎಲ್‌1 ಕ್ಯಾಶಿನಲ್ಲಿ ಹಿಡಿಯೋದು 512 ಲೈನ್. ಒಂದು ಕಂಬ ಇಳಿಯೋಕೇ 3000 ಲೈನ್ ಬೇಕು. ಲೂಪ್ ತಿರುಗಿಸಿದೆವು, ಓಡಿತು.

ಆದರೆ ಮಧ್ಯಾಹ್ನ ಎರಡಾದ ಮೇಲೆ ಮತ್ತೆ ನಿಧಾನ. ಟಾಪ್‌ನಲ್ಲಿ ನೋಡಿದರೆ ಬೆಳಿಗ್ಗೆಯೂ ನಮಗೆ ನೂರು ಪರ್ಸೆಂಟ್ ಸಿಪಿಯು, ಮಧ್ಯಾಹ್ನವೂ ನೂರು. ಇನ್‌ಸ್ಟ್ರಕ್ಷನ್ ಅಷ್ಟೇ, ಸೈಕಲ್ ಮಾತ್ರ ಜಾಸ್ತಿ. ಬೇರೆ ಯಾವುದೋ ಪ್ರೋಗ್ರಾಂ ಕ್ಯಾಶನ್ನೂ ಮೆಮೊರಿ ದಾರಿಯನ್ನೂ ತುಂಬುತ್ತಿದೆ ಅನ್ನೋ ಅನುಮಾನ. ಗೊತ್ತಾಗಬೇಕಾದರೆ ಇಡೀ ಮಷೀನನ್ನು ಅಳೆಯಬೇಕು. ಪರ್ಫ್ ಒಪ್ಪಲಿಲ್ಲ.

ಅದಕ್ಕೆ ಕಾರಣ ಪರ್ಫ್_ಇವೆಂಟ್_ಪ್ಯಾರನಾಯ್ಡ್ ಅನ್ನೋ ಒಂದು ಅಂಕಿ. ಅದು 2 ಇದ್ದರೆ ಸಾಮಾನ್ಯ ಬಳಕೆದಾರ ತನ್ನ ಪ್ರೋಗ್ರಾಮನ್ನು ಮಾತ್ರ ಅಳೆಯಬಹುದು, ಅದೂ ಕರ್ನಲ್ ಭಾಗ ಬಿಟ್ಟು. -1 ಮಾಡಿದರೆ ಎಲ್ಲರಿಗೂ ಎಲ್ಲವೂ ಕಾಣುತ್ತೆ. ಇನ್ನೊಂದು ದಾರಿ ರೂಟ್. ಸಿಸ್ಟಮ್ ನೋಡಿಕೊಳ್ಳೋ ಸರ್ ಹತ್ರ ಹೋದೆವು. "ರೂಟ್ ಕೊಡಲ್ಲ ಕಣ್ರಪ್ಪಾ, ಇನ್ನೂರು ಜನರ ಫೈಲ್ ಇದೆ ಇದ್ರಲ್ಲಿ" ಅಂದರು.

ಅವರ ಮಾತು ನ್ಯಾಯವೇ. ಎಲ್ಲರಿಗೂ ತೆರೆದುಬಿಡೋದೂ ಸುರಕ್ಷಿತವಲ್ಲ. 2013ರಲ್ಲಿ ಕರ್ನಲ್ಲಿನ ಪರ್ಫ್ ಕೋಡಿನಲ್ಲೇ ಒಂದು ತೂತು ಸಿಕ್ಕಿ, ಸಾಮಾನ್ಯ ಬಳಕೆದಾರ ರೂಟ್ ಆಗಿಬಿಡಬಹುದಿತ್ತು. ಬರೀ ನೋಡೋ ಬಾಗಿಲು ಅಂದುಕೊಂಡದ್ದೇ ಒಳಗೆ ನುಗ್ಗೋ ಬಾಗಿಲಾಗಿತ್ತು. ಕ್ಯಾಶಿನ ವರ್ತನೆ ಅಳೆದೇ ಇನ್ನೊಬ್ಬರ ಗುಟ್ಟು ಊಹಿಸಬಹುದು ಅಂತ 2018ರಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ತೋರಿಸಿಕೊಟ್ಟವು.

ನಡುವಿನ ದಾರಿ ಬಂದದ್ದು 2020ರ ಆಗಸ್ಟಿನಲ್ಲಿ, ಲಿನಕ್ಸ್ 5.8ರಲ್ಲಿ. ರೂಟಿನ ಅಧಿಕಾರವನ್ನು ಲಿನಕ್ಸ್ ಸುಮಾರು ನಲವತ್ತು ತುಂಡು ಮಾಡಿ ಇಟ್ಟಿದೆ. ಒಂದೊಂದಕ್ಕೂ ಕೇಪಬಿಲಿಟಿ ಅಂತ ಹೆಸರು. ಅಲ್ಲಿಯವರೆಗೆ ಇಡೀ ಮಷೀನ್ ಅಳೆಯೋಕೆ ಕ್ಯಾಪ್_ಸಿಸ್_ಅಡ್ಮಿನ್ ಬೇಕಿತ್ತು. ಅದು ಹೆಚ್ಚೂಕಡಿಮೆ ಇನ್ನೊಂದು ರೂಟೇ. 5.8ರಲ್ಲಿ ಅಳತೆಗೆಂದೇ ಕ್ಯಾಪ್_ಪರ್ಫ್‌ಮಾನ್ ಬಂತು. ಒಂದು ಗ್ರೂಪ್ ಮಾಡಿ, ಪರ್ಫ್ ಫೈಲನ್ನು ಆ ಗ್ರೂಪಿಗೆ ಸೇರಿಸಿ, ಹೊರಗಿನವರು ಓಡಿಸದಂತೆ ಸಿಎಚ್‌ಮಾಡ್ ಹಾಕಿ, ಸೆಟ್‌ಕ್ಯಾಪ್‌ನಿಂದ ಆ ಫೈಲಿಗೆ ಈ ಒಂದು ತುಂಡು ಕೊಟ್ಟರೆ ಮುಗೀತು. ಯಾರ ಪಾಸ್‌ವರ್ಡೂ ಯಾರಿಗೂ ಬೇಡ.

ಇದನ್ನೇ ಒಂದು ಪುಟದಲ್ಲಿ ಬರೆದುಕೊಟ್ಟೆವು: ಯಾಕೆ ಬೇಕು, ಯಾರಿಗೆ ಬೇಕು, ಯಾವತ್ತಿನ ತನಕ ಬೇಕು. ಸರ್ ಎರಡು ದಿನ ಓದಿ, ಮಾಡಿಕೊಟ್ಟರು.

ಅಳೆದ ಮೊದಲ ಮಧ್ಯಾಹ್ನವೇ ಉತ್ತರ ಬಂತು. ಕ್ಯಾಶ್ ಮಿಸ್‌ಗಳಲ್ಲಿ ಬಹುಪಾಲು ಇನ್ನೊಂದು ಬ್ಯಾಚಿನವರ ಟ್ರೈನಿಂಗ್ ಪ್ರೋಗ್ರಾಮಿನದು. ಅವರೂ ನಮ್ಮ ಹಾಗೇ ಡೆಡ್‌ಲೈನ್ ಇಟ್ಟುಕೊಂಡವರು. ಕೂತು ಮಾತಾಡಿದೆವು: ಮಧ್ಯಾಹ್ನ ಅವರದು, ರಾತ್ರಿ ಕ್ರಾನ್ ಹಾಕಿ ನಮ್ಮದು.

ಆದರೆ ಆ ಪಟ್ಟಿಯಲ್ಲಿ ನಮಗೆ ಬೇಡದ್ದೂ ಕಂಡಿತು. ಯಾವ ಪ್ರೋಗ್ರಾಂ ಮಷೀನಿನೊಳಗೆ ಎಲ್ಲಿ ಹೊತ್ತು ಕಳೀತಿದೆ ಅಂತ, ನಮಗೆ ಸಂಬಂಧವೇ ಇಲ್ಲದವರದ್ದೂ ಸೇರಿ. ನೋಡೋದು ಅಂದರೂ ಅದೊಂದು ಅಧಿಕಾರವೇ ಅಂತ ಆವತ್ತು ಅರ್ಥ ಆಯ್ತು. ಡ್ಯಾಮಿನ ಮಟ್ಟ ಊರಿಗೆಲ್ಲ ಸೇರಿದ್ದು. ಪಕ್ಕದವರ ಪ್ರೋಗ್ರಾಂ ಹಾಗಲ್ಲ. ಅದಕ್ಕೇ ರೆಕಾರ್ಡ್ ಫೈಲುಗಳನ್ನು ಯಾರಿಗೂ ಕಳಿಸಲಿಲ್ಲ, ಬೇಕಾದ ಅಂಕಿ ಬರೆದುಕೊಂಡು ಅಳಿಸಿದೆವು. ರಿವ್ಯೂ ಮುಗಿದ ಮಾರನೇ ದಿನ, ಗ್ರೂಪಿನಿಂದ ನಮ್ಮ ಹೆಸರು ತೆಗೀರಿ ಅಂತ ನಾವೇ ಸರ್‌ಗೆ ಹೇಳಿದೆವು.

ಜೂನಿಯರ್‌ಗಳೇ, ರೂಟ್ ಕೊಡಿ ಅಂತ ಕೇಳಬೇಡಿ. ಯಾವ ತುಂಡು ಬೇಕು, ಎಷ್ಟು ದಿನಕ್ಕೆ ಬೇಕು ಅಂತ ಮೊದಲು ನೀವೇ ಲೆಕ್ಕ ಹಾಕಿ. ಆಮೇಲೆ ಅದನ್ನು ಕೇಳಿ. ನಮಗೆ ಸಿಕ್ಕಿತು.