ಮೋಟ್ರು ಮನೆಯ ಪ್ಲಗ್ಗು

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ತೋಟದ ಬದುವಿಗೆ ಒಂದು ಸ್ಕೂಟರ್ ಸದ್ದಿಲ್ಲದೆ ಬಂದು ನಿಂತಿತು. ನಮ್ಮ ನಾಯಿ ಕೂಡ ಬೊಗಳಲಿಲ್ಲ. ನೋಡಿದರೆ ನಮ್ಮಲ್ಲಿಗೆ ಇಪ್ಪತ್ತು ವರ್ಷದಿಂದ ಬರುತ್ತಿರುವ ಕಾಯಿ ಕೀಳುವ ಆಸಾಮಿ. ಮೊದಲೆಲ್ಲ ಅವನು ಹಳೇ ಟಿವಿಎಸ್ ಗಾಡಿಯಲ್ಲಿ ಬರುತ್ತಿದ್ದ. ಹೊಗೆ ಉಗುಳುವ ಆ ಗಾಡಿಯ ಸದ್ದು ಕೆರೆ ಏರಿಯ ಆಚೆಯಿಂದಲೇ ಕೇಳುತ್ತಿತ್ತು, ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ಈ ಸಲ ಕಾಫಿ ತಡವಾಯಿತು.

"ಕರೆಂಟ್ ಗಾಡಿ, ಸಾಲ ಮಾಡಿ ತಗಂಡೆ," ಎಂದು ನಕ್ಕ. ಇವತ್ತು ನೊಣವಿನಕೆರೆ ಕಡೆ, ನಾಳೆ ತುರುವೇಕೆರೆ, ನಾಡಿದ್ದು ಕೆ.ಬಿ. ಕ್ರಾಸ್ ದಾಟಿ ಚಿಕ್ಕನಾಯಕನಹಳ್ಳಿ. ದಿನಕ್ಕೆ ಅರವತ್ತು ಕಿಲೋಮೀಟರ್ ಓಡಾಟ ಅವನಿಗೆ ಮಾಮೂಲು. ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು ಮರದ ಬುಡಕ್ಕೆ ಹೊರಟವನು ತಿರುಗಿ ಅಪ್ಪನನ್ನು ಕೇಳಿದ: "ಯಜಮಾನ್ರೇ, ಸಾಯಂಕಾಲದ ಗಂಟ ಇಲ್ಲೇ ಇರ್ತೀನಲ್ಲ. ಗಾಡೀನ ನಿಮ್ಮ ಮೋಟ್ರು ಮನೇಲಿ ಚಾರ್ಜಿಗೆ ಹಾಕ್ಲಾ?"

ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಬ್ಯಾಡ ಕಣಪ್ಪ," ಎಂದರು.

ನನಗೆ ಮುಜುಗರವಾಯಿತು. ಹಬ್ಬಕ್ಕೆ ಹತ್ತು ಕಾಯಿ ಹೆಚ್ಚಿಗೆ ಕೊಟ್ಟು ಕಳಿಸುವ ಅಪ್ಪ, ಊಟಕ್ಕೆ ಕೂರಿಸದೆ ಅವನನ್ನು ಎಂದೂ ಬಿಡದ ಅಪ್ಪ, ದುಡ್ಡೇ ಕೊಡದ ಕರೆಂಟಿಗೆ ಇಲ್ಲ ಅನ್ನುವುದೇ? ನಮ್ಮ ರಾಜ್ಯದಲ್ಲಿ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರೂ ಇಲ್ಲ, ಅಲ್ಲಿ ಖರ್ಚಾಗುವುದೆಲ್ಲ ಅಂದಾಜಿನ ಲೆಕ್ಕ. ಒಂದು ಸ್ಕೂಟರ್ ಕುಡಿದರೆ ಯಾರಿಗೆ ಗೊತ್ತಾಗುತ್ತದೆ?

ರಾತ್ರಿ ಜಗಲಿಯಲ್ಲಿ ಕೂತಾಗ ಅಪ್ಪ ತಾವಾಗಿಯೇ ಹೇಳಿದರು. 2016–17ರ ಬರ ನಿಮಗೆ ನೆನಪಿರಬಹುದು. ನಮ್ಮ ಕಡೆ ಐವತ್ತು ವರ್ಷದ ಮರಗಳು ಸುಳಿ ಬಾಗಿಸಿ ನಿಂತಿದ್ದವು. ತ್ರೀ ಫೇಸ್ ಇರುವ ಏಳು ಗಂಟೆಯಲ್ಲಿ ಬೋರಿನಿಂದ ಬರುವ ಬೆರಳು ಗಾತ್ರದ ನೀರು ಯಾವ ಮರಕ್ಕೂ ಸಾಲುತ್ತಿರಲಿಲ್ಲ. ರಾತ್ರಿ ತೋಟದ ಮನೆಗಳ ದೀಪಕ್ಕೆಂದು ಸಿಂಗಲ್ ಫೇಸ್ ಬಿಟ್ಟಾಗ, ಎಲ್ಲರಂತೆ ಅಪ್ಪನೂ ಕಂಡೆನ್ಸರ್ ಹಾಕಿ ಮೋಟರ್ ಓಡಿಸಿದರು. ಹಾಗೆ ಓಡಿಸಬಾರದೆಂದು ಲೈನ್‌ಮ್ಯಾನ್ ಮನೆಮನೆಗೆ ಬಂದು ಹೇಳಿ ಹೋಗಿದ್ದ. ಒಂದು ರಾತ್ರಿ ಟಿಸಿ ಸುಟ್ಟುಹೋಯಿತು. ಅದನ್ನು ಇಳಿಸಿ, ಟ್ರ್ಯಾಕ್ಟರಿನಲ್ಲಿ ಸಾಗಿಸಿ, ಬೇರೆಯದನ್ನು ತಂದು ಕೂರಿಸುವ ಹೊತ್ತಿಗೆ ಪಕ್ಕದ ತೋಟದವರು ಹೊಸದಾಗಿ ಇಟ್ಟಿದ್ದ ತೆಂಗಿನ ಸಸಿಗಳು ಒಣಗಿಹೋಗಿದ್ದವು. ಆ ಮನೆಯವರು ಕಂಡೆನ್ಸರ್ ಹಾಕಿರಲಿಲ್ಲ.

"ಯಾರ ಮೋಟ್ರಿಂದ ಹೋಯ್ತು ಅಂತ ಯಾರೂ ಕೇಳ್ಲಿಲ್ಲ. ಎಲ್ರೂ ಹಾಕಿದ್ರಲ್ಲ," ಎಂದರು ಅಪ್ಪ. "ಆದ್ರೆ ಆವತ್ತು ಕೊನೇಗೆ ಸ್ವಿಚ್ ಒತ್ತಿದೋನು ನಾನು. ಲೆಕ್ಕಕ್ಕೆ ಸಿಗದ ಕರೆಂಟು ಯಾರ ಪಾಲಿಂದೋ ಬಂದಿರ್ತದೆ ಕಣೋ."

ಅವರು ಇದನ್ನು ಇಷ್ಟು ವರ್ಷ ಅಮ್ಮನಿಗೂ ಹೇಳಿರಲಿಲ್ಲ.

ಆ ಮಾತು ನನ್ನನ್ನು ಬಿಡಲಿಲ್ಲ. ಕರೆಂಟ್ ಗಾಡಿಗಳ ವಿಷಯ ಬಂದಾಗಲೆಲ್ಲ ನಾವು ಗಾಡಿಯ ಬಗ್ಗೆ ಮಾತಾಡುತ್ತೇವೆ, ಕರೆಂಟಿನ ಬಗ್ಗೆ ಅಲ್ಲ. ದೇಶದಲ್ಲೇ ಮೊದಲಾಗಿ ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಚಾರ್ಜಿಂಗ್ ವ್ಯವಸ್ಥೆ ಕಟ್ಟುವ ಹೊಣೆಯನ್ನು ಸರ್ಕಾರ ಬೆಸ್ಕಾಂಗೆ ವಹಿಸಿತು. 2018ರಲ್ಲಿ ಬೆಸ್ಕಾಂ ಬೆಂಗಳೂರಿನ ಕೆ.ಆರ್. ವೃತ್ತದ ತನ್ನ ಕಚೇರಿಯಲ್ಲೇ ಚಾರ್ಜಿಂಗ್ ಕೇಂದ್ರ ತೆರೆಯಿತು. ವಿದ್ಯುತ್ ನಿಯಂತ್ರಣ ಆಯೋಗ ಇಂಥ ಕೇಂದ್ರಗಳಿಗೆಂದೇ ಬೇರೆ ದರ ಗೊತ್ತುಮಾಡಿತು. ಹೆದ್ದಾರಿಯಲ್ಲಿ ಹೋಗುವ ಕಾರುಗಳಿಗೆ ಇವೆಲ್ಲ ಬೇಕಾದದ್ದೇ. ಆದರೆ ತಿಪಟೂರು ಸೀಮೆಯಲ್ಲಿ ಮೊದಲು ಬಂದದ್ದು ಕಾರಲ್ಲ, ಸ್ಕೂಟರ್. ಅದು ಕುಡಿಯುವುದು ಮನೆಯ ಪ್ಲಗ್ಗಿನಿಂದ, ಊರ ಟಿಸಿಯಿಂದ.

ಲೆಕ್ಕ ಹಾಕಿ ನೋಡಿದೆ. ಸ್ಕೂಟರಿನ ಚಾರ್ಜರ್ ಎಳೆಯುವುದು ಹೆಚ್ಚೂಕಡಿಮೆ 750 ವ್ಯಾಟ್. ಅಂದರೆ ಒಂದು ಎಚ್‌ಪಿ. ಊರಿಗೆ ಹತ್ತು ಸ್ಕೂಟರ್ ಬಂದು ಸಂಜೆ ಒಟ್ಟಿಗೆ ಚಾರ್ಜಿಗೆ ಕೂತರೆ, ಅದೇ ಟಿಸಿಗೆ ಐದು ಎಚ್‌ಪಿಯ ಎರಡು ಮೋಟರ್ ಹೊಸದಾಗಿ ಸೇರಿಸಿದಂತೆ. ನಮ್ಮ ಕಡೆ ಕಾಣುವ 25 ಕೆವಿಎ ಟಿಸಿಗೆ ಅದು ಸಣ್ಣ ಭಾರವಲ್ಲ. ಅಷ್ಟು ಭಾರ ಬರುತ್ತಿದೆಯೆಂದು ಮೊದಲೇ ತಿಳಿದರೆ ದೊಡ್ಡ ಟಿಸಿ ಕೂರಿಸಬಹುದು. ತಿಳಿಯಬೇಕಾದರೆ ಅದು ಮೀಟರಿನಲ್ಲಿ ಕಾಣಬೇಕು, ಮನೆಗೆ ಮಂಜೂರಾದ ಲೋಡಿನಲ್ಲಿ ಕಾಣಬೇಕು. ಮೋಟ್ರು ಮನೆಯ ಪ್ಲಗ್ಗಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ, ಟಿಸಿ ಸುಟ್ಟ ದಿನದ ಹೊರತು.

ಮಾರನೆಯ ದಿನ ಅವನು ಮತ್ತೆ ಬಂದಾಗ ಕೇಳಿದೆ: "ಮನೇಲಿ ಯಾಕೆ ಚಾರ್ಜ್ ಮಾಡಲ್ಲ?"

"ಜೀರೋ ಬಿಲ್ಲು ಹೋಗ್ಬಿಡ್ತದಲ್ಲ ಸ್ವಾಮಿ," ಎಂದ.

ಅವನ ಭಯ ಸುಳ್ಳಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಸಿಗುವುದಿಲ್ಲ. ಅದಕ್ಕೆ ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಒಂದಿಷ್ಟು, ಅಷ್ಟೇ ಉಚಿತ. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿಯ ಅವನ ಮನೆಯ ಸರಾಸರಿ ಮೂವತ್ತು ಯೂನಿಟ್ ಇತ್ತು. ಹಿಂದೆ ಕಡಿಮೆ ಉರಿಸಿದ್ದವನಿಗೆ ಇಂದು ಕಡಿಮೆಯೇ ಉಚಿತ. ತೋಟ ಇರುವ ನಮಗೆ ಮೋಟರಿನ ಕರೆಂಟೆಲ್ಲ ಬಿಟ್ಟಿ, ತೋಟವಿಲ್ಲದೆ ನಮ್ಮ ಮರ ಹತ್ತುವವನಿಗೆ ಗಾಡಿಯ ಕರೆಂಟು ದುಡ್ಡಿಗೆ. ಇದನ್ನು ಅವನು ಹೇಳಲಿಲ್ಲ. ನಾನೇ ತಲೆ ತಗ್ಗಿಸಿದೆ.

ಕಾಯಿಯ ಲೆಕ್ಕ ಬರೆಯುವ ನೋಟುಬುಕ್ಕಿನಲ್ಲೇ ಇಬ್ಬರೂ ಕೂತು ಬರೆದೆವು. ಅರವತ್ತು ಕಿಲೋಮೀಟರಿಗೆ, ಚಾರ್ಜಿನಲ್ಲಿ ಪೋಲಾಗುವುದೂ ಸೇರಿ, ಎರಡೂಕಾಲು ಯೂನಿಟ್ ಆಸುಪಾಸು. ತಿಂಗಳಿಗೆ ಇಪ್ಪತ್ತಾರು ದಿನ ದುಡಿದರೆ ಅರವತ್ತು ಯೂನಿಟ್. ಮಿತಿ ದಾಟಿದ ಯೂನಿಟ್ಟಿಗೆ ಮಾತ್ರ ದುಡ್ಡು, ಒಟ್ಟು 200 ದಾಟಿದರಷ್ಟೇ ಪೂರ್ತಿ ಬಿಲ್ಲು. ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೆ 360 ರೂಪಾಯಿ. ಹಳೇ ಗಾಡಿಗೆ ಲೀಟರಿಗೆ 45 ಕಿಲೋಮೀಟರಿನಂತೆ ಪೆಟ್ರೋಲಿಗೇ ಮೂರೂವರೆ ಸಾವಿರ ಹೋಗುತ್ತಿತ್ತು. ಸಾಲದ ಕಂತು ಕಟ್ಟಿದರೂ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ಅವನು ಆ 360ರ ಕೆಳಗೆ ಬೆರಳಿಟ್ಟು ಸುಮಾರು ಹೊತ್ತು ನೋಡಿದ.

"ಇಷ್ಟು ಕಟ್ಟಿದ್ರೆ, ವೋಲ್ಟೇಜ್ ಇಲ್ಲ ಅಂತ ಕೇಳಬಹುದಲ್ವಾ?" ಎಂದ.

ಅವನ ಪ್ರಶ್ನೆ ನನಗೆ ಯಾವ ನೀತಿಪತ್ರಕ್ಕಿಂತಲೂ ಸ್ಪಷ್ಟವಾಗಿ ಕಂಡಿತು. ಬಿಟ್ಟಿ ಕರೆಂಟು ಬಂದಷ್ಟು ಬಂತು, ಹೋದರೆ ಹೋಯಿತು. ಲೆಕ್ಕಕ್ಕೆ ಸಿಕ್ಕ ಕರೆಂಟಿಗೆ ಕೊಡುವವರೂ ಉತ್ತರ ಹೇಳಬೇಕು, ಬಳಸುವವರೂ ಹೇಳಬೇಕು. ಹಳ್ಳಿಯ ಮಟ್ಟಿಗೆ ವಿದ್ಯುತ್ ಕಂಪನಿಯ ಮೊದಲ ಕೆಲಸ ಎಣಿಸುವುದು, ಎಣಿಸಿದಷ್ಟಕ್ಕೆ ತಡೆದುಕೊಳ್ಳುವ ಟಿಸಿ ಕೊಡುವುದು. ಚಾರ್ಜಿಂಗ್ ಕೇಂದ್ರದ ಬೋರ್ಡು ಆಮೇಲೆ ಬರಲಿ.

ಇನ್ನೂ ಒಂದಿದೆ. ಅವನ ಗಾಡಿ ಹಗಲೆಲ್ಲ ಯಾರದೋ ತೋಟದ ನೆರಳಲ್ಲಿ ನಿಂತಿರುತ್ತದೆ. ನಮ್ಮ ಜಿಲ್ಲೆಯದೇ ಪಾವಗಡದಲ್ಲಿ 2000 ಮೆಗಾವ್ಯಾಟಿನ ಸೋಲಾರ್ ಪಾರ್ಕು ಕರೆಂಟು ಹುಟ್ಟಿಸುವುದೂ ಹಗಲಲ್ಲೇ. ಆದರೆ ಗಾಡಿ ಚಾರ್ಜಿಗೆ ಕೂರುವುದು ಊರೆಲ್ಲ ದೀಪ ಹಾಕುವ ಸಂಜೆ. ಹಾಲಿನ ಡೈರಿಯ ಗೋಡೆಗೋ, ಅಂಗಡಿಯ ಮುಂದೋ ಮೀಟರಿರುವ ಒಂದು ಪ್ಲಗ್ಗಿದ್ದರೆ ಹಗಲೇ ಚಾರ್ಜಾದೀತು. ಹಾಗೆ ಇಡಲು ಲೈಸೆನ್ಸ್ ಬೇಕಿಲ್ಲ. ವಾಹನ ಚಾರ್ಜ್ ಮಾಡಿಕೊಡುವುದು ಕರೆಂಟ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಕಾಯಿಯನ್ನು ವರ್ಷವಿಡೀ ಅಟ್ಟದಲ್ಲಿಟ್ಟು ಕೊಬ್ಬರಿಯಾಗುವವರೆಗೆ ಕಾಯುವ ಜನ ನಾವು. ಯಾವುದನ್ನು ಯಾವ ಹೊತ್ತಿಗೆ ತುಂಬಿಡಬೇಕೆಂದು ನಮಗೆ ಹೊಸದಾಗಿ ಕಲಿಸಬೇಕಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅವನಿಗೆ ಹೇಳಿದರು: "ಗಾಡೀನ ಮನೆ ಹತ್ರ ತಗಂಡು ಬಾ. ಜಗಲಿ ಮೇಲೆ ಪ್ಲಗ್ ಐತೆ. ಅಲ್ಲಿ ಮೀಟ್ರು ಬರ್ಕಳ್ತದೆ."

"ನಿಮ್ಮ ಬಿಲ್ಲು ಜಾಸ್ತಿ ಆಗ್ತದಲ್ಲ ಯಜಮಾನ್ರೇ?"

"ಆಗ್ಲಿ. ನಿನ್ ಕೂಲಿ ಜೊತೆ ಅದೊಂದು ಅಂತ ತಿಳ್ಕತೀನಿ."

ಅವನು ವೈರು ಸಿಕ್ಕಿಸಿ ಮತ್ತೆ ಮರಕ್ಕೆ ಹೋದ. ಜಗಲಿಯ ಮೇಲಿನ ಮೀಟರಿನ ಕೆಂಪು ಚುಕ್ಕೆ ಬೇಗಬೇಗ ಮಿನುಗತೊಡಗಿತು. ಅಪ್ಪ ಕುರ್ಚಿಯನ್ನು ಅದರ ಎದುರಿಗೆ ಎಳೆದುಕೊಂಡು ಕೂತರು.