ನಾಳೆ ಹತ್ತೂವರೆಗೆ ಮಗು ಕೋರ್ಟಿನಲ್ಲಿರಬೇಕು

ಏಪ್ರಿಲ್ ತಿಂಗಳ ರಾತ್ರಿ, ಎಂಟು ಗಂಟೆ. ಕರೆಂಟು ಹೋಗಿದೆ. ಹೈದರಾಬಾದಿನ ಸನತ್‌ನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಡೆಯಿಂದ ಬರುವ ಬಿಸಿಗಾಳಿಯಲ್ಲಿ ಸುಟ್ಟ ಎಣ್ಣೆಯ ವಾಸನೆ. ಕರಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ಕೊರಳಿನ ಬಿಳಿ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಿದ್ದೀರಿ. ಅದರ ಅಂಚಿಗೆ ಬೆವರಿನ ಹಳದಿ ಗೆರೆ. ಗುಮಾಸ್ತ ಮನೆಗೆ ಹೋಗಿಯಾಗಿದೆ. ಮೆಟ್ಟಿಲ ಮೇಲೆ ಮೂವರ ಹೆಜ್ಜೆ ಸಪ್ಪಳ ಕೇಳುತ್ತದೆ. ಒಂದು ಜೊತೆ ಕಾಲು ಚಿಕ್ಕವು.

ಇನ್ನು ಮುಂದೆ ಈ ವಕೀಲೆ ನೀವೇ. ವಕಾಲತ್ತಿಗೆ ಇಳಿದು ಇಪ್ಪತ್ತು ವರ್ಷ ದಾಟಿದೆ. ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಓದಿ ಬಂದದ್ದಕ್ಕೆ ಓಣಿಯವರು ‘ಬ್ಯಾರಿಸ್ಟರ್ ಮೇಡಂ’ ಅನ್ನುತ್ತಾರೆ. 1961ರ ವಕೀಲರ ಕಾಯ್ದೆ ಬಂದ ಮೇಲೆ ನಮ್ಮ ಕೋರ್ಟುಗಳಲ್ಲಿ ಆ ಪದವಿಗೆ ಬೇರೆ ಸ್ಥಾನವಿಲ್ಲ ಎಂದು ಹೇಳಿ ಹೇಳಿ ನೀವೂ ಸುಮ್ಮನಾಗಿದ್ದೀರಿ. ಎದುರು ಬಂದು ಕೂರುವ ಹೆಣ್ಣುಮಗಳು ಯಾರೋ ಒಬ್ಬಳಲ್ಲ. ಹಲವು ತಾಯಂದಿರ ಪಾಡನ್ನು ನಾನು ಒಬ್ಬಳ ಮೇಲೆ ಹೊರಿಸಿದ್ದೇನೆ, ಹೆಸರು ಬೇಡ. ಕಾನೂನು, ತೀರ್ಪು, ಇಸವಿ ಮಾತ್ರ ಇದ್ದದ್ದು ಇದ್ದಂತೆಯೇ.

ಅವಳ ಅಪ್ಪ ಕಲಬುರಗಿ ಕಡೆಯವರು. ಆಲ್ವಿನ್ ಕಾರ್ಖಾನೆ ಫ್ರಿಜ್ಜು, ಬಸ್ಸಿನ ಬಾಡಿ ಮಾಡುತ್ತಿದ್ದ ಕಾಲದಲ್ಲಿ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ಅವರು ಕೂರುವುದಿಲ್ಲ, ಬಾಗಿಲ ಹತ್ತಿರವೇ ನಿಲ್ಲುತ್ತಾರೆ. ಮಗಳು ಎರಡು ಕಾಗದ ಮುಂದಿಡುತ್ತಾಳೆ.

“ಅಮೆರಿಕಾದ ಕೋರ್ಟಿಂದು ಒಂದು ಬಂದದ್ರೀ ಮೇಡಂ. ಇನ್ನೊಂದು ಇಲ್ಲಿ ಹೈಕೋರ್ಟಿಂದು, ಪೊಲೀಸರು ತಂದು ಕೊಟ್ಟು ಹೋದ್ರು. ನಾಳೆ ಹತ್ತೂವರೆಗೆ ಹುಡುಗನ್ನ ಕರಕೊಂಡು ಬರಬೇಕಂತ.”

ಮೊಬೈಲಿನ ಬೆಳಕಿನಲ್ಲಿ ಓದುತ್ತೀರಿ. ಗಂಡ ಹೇಬಿಯಸ್ ಕಾರ್ಪಸ್ ಹಾಕಿದ್ದಾನೆ. ಅಕ್ರಮ ಹಿಡಿತದಲ್ಲಿರುವವರನ್ನು ತಂದು ನಿಲ್ಲಿಸಿ ಎನ್ನುವ ರಿಟ್ ಅದು. ಇಲ್ಲಿ ಹಿಡಿತದಲ್ಲಿರುವವನು ಏಳು ವರ್ಷದ ಹುಡುಗ, ಹಿಡಿದಿಟ್ಟವಳು ಹೆತ್ತ ತಾಯಿ. ಹುಡುಗ ನಿಮ್ಮ ಮೇಜಿನ ಸ್ಟಾಂಪ್ ಪ್ಯಾಡ್ ತೆರೆದು ಹೆಬ್ಬೆರಳು ಅದ್ದಿ ಕೋರ್ಟಿನ ಹಳೇ ಪ್ರಕರಣ ಪಟ್ಟಿಯ ಮೇಲೆ ಒತ್ತುತ್ತಿದ್ದಾನೆ. ಒಂದು, ಎರಡು, ಮೂರು ನೇರಳೆ ಗುರುತು.

“ಯಾವಾಗ ಬಂದ್ರಿ?”

“ದೀಪಾವಳಿಗೆ. ತಿರುಗಿ ಹೋಗೋ ಟಿಕೆಟ್ ಇತ್ತು. ಅವರು ಹೊಡೀತಿದ್ರು, ಹೋಗ್ಲಿಲ್ರಿ.”

“ಕೈ ಮಾಡಿದಾಗ ಅಲ್ಲಿಯ ಪೊಲೀಸರಿಗೆ ಹೇಳಿದ್ರಾ?”

“ನನ್ನ ವೀಸಾ ಅವರ ವೀಸಾದ ಮ್ಯಾಲೆ ನಿಂತಿತ್ತು. ಹ್ಯಾಂಗ ಹೇಳಲಿ?”

ಕೊನೆಯ ಪ್ರಶ್ನೆ ಕೇಳುವ ಮುಂಚೆ ನೀರು ಕುಡಿಯುತ್ತೀರಿ. “ಅಲ್ಲಿಯ ಕೋರ್ಟಿಗೆ ನೀವಾಗಿಯೇ ಏನಾದರೂ ಬರೆದುಕೊಟ್ಟಿದ್ರಾ? ಸಹಿ?”

ಅವಳು ಅಪ್ಪನ ಕಡೆ ನೋಡುತ್ತಾಳೆ. “ಬೇರೆ ಆಗೂದಂತ ಮಾತಾದಾಗ, ಹುಡುಗ ಯಾರ ಹತ್ರ ಎಷ್ಟು ದಿನ ಅಂತ ಒಂದು ಕಾಗದಕ್ಕ ಸಹಿ ಮಾಡೀನ್ರಿ.”

ನಿಮ್ಮ ಎದೆ ಧಸಕ್ಕೆನ್ನುತ್ತದೆ. ಮುಖದಲ್ಲಿ ತೋರಿಸಿಕೊಳ್ಳುವುದಿಲ್ಲ. ಈ ಕಸುಬಿನಲ್ಲಿ ಮೊದಲು ಪಳಗುವುದು ಮುಖವೇ.

ಧಸಕ್ಕೆಂದದ್ದಕ್ಕೆ ಕಾರಣ ಇದೇ ಊರಿನ ಒಂದು ಪ್ರಕರಣ. ಪೆನ್ಸಿಲ್ವೇನಿಯಾದ ಕೋರ್ಟಿಗೆ ತಾನೇ ವಿಚ್ಛೇದನಕ್ಕೆ ಹೋಗಿದ್ದ ತಾಯಿ ಇಬ್ಬರು ಮಕ್ಕಳೊಂದಿಗೆ ಹೈದರಾಬಾದಿಗೆ ಬಂದು, ಇಲ್ಲಿಯ ಕೌಟುಂಬಿಕ ನ್ಯಾಯಾಲಯದ ಕದ ತಟ್ಟಿದಳು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳು ವಾಪಸು ಹೋಗಬೇಕೆಂದಿತು. ಅಲ್ಲಿಯ ಕೋರ್ಟಿಗೆ ತಾನಾಗಿಯೇ ತಲೆಬಾಗಿದ್ದು ಅವಳಿಗೆ ಮುಳುವಾಯಿತು. ನಿಮ್ಮ ಕಕ್ಷಿದಾರಳ ಸಹಿಯೂ ಅದೇ ದಾರಿ ಹಿಡಿಯಬಹುದು.

ಅಪ್ಪನ ಸಂಕಟ ಬೇರೆ. “ಅಂವ ಅಲ್ಲೇ ಡೈವೋರ್ಸ್ ತಗೊಂಡ್ರ ಇಕಿ ಗತಿ ಏನ್ರಿ ಮೇಡಂ?”

ಅದಕ್ಕೆ ನಿಮ್ಮಲ್ಲಿ ಉತ್ತರವಿದೆ. 1975ರಲ್ಲಿ ತಿರುಪತಿಯಲ್ಲಿ ಮದುವೆಯಾದವನೊಬ್ಬ ಮಿಸೌರಿಯಲ್ಲಿ 90 ದಿನ ವಾಸವಿದ್ದೆನೆಂದು ತೋರಿಸಿ 1980ರಲ್ಲಿ ವಿಚ್ಛೇದನದ ಡಿಕ್ರಿ ಪಡೆದ. ಮರುವರ್ಷ ಇಲ್ಲೇ ಹತ್ತಿರದ ಯಾದಗಿರಿಗುಟ್ಟದಲ್ಲಿ ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ಬಿಡಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಆ ಡಿಕ್ರಿ ಇಲ್ಲಿ ನಡೆಯದು ಎಂದಿತು. ಯಾವ ಕಾನೂನಿನಡಿ ಮದುವೆಯಾಯಿತೋ ಆ ಕಾನೂನು ಒಪ್ಪುವ ಕಾರಣವಿರಬೇಕು. ಜೊತೆಗೆ ಹೆಂಡತಿ ಅಲ್ಲಿ ಕಾಯಂ ನೆಲೆಸಿರಬೇಕು, ಇಲ್ಲವೇ ತಾನಾಗಿ ಆ ಕೋರ್ಟಿಗೆ ಒಪ್ಪಿ ಹಾಜರಾಗಿರಬೇಕು. ಸುಮ್ಮನೆ ನೋಟಿಸ್ ಮುಟ್ಟಿಸಿದರೆ ಸಾಲದು.

ಹೇಳುತ್ತ ಹೇಳುತ್ತಲೇ ತೊಡಕು ನಿಮಗೆ ಕಾಣುತ್ತದೆ. ವಿಚ್ಛೇದನದ ಮಟ್ಟಿಗೆ ಅಲ್ಲಿ ಹಾಜರಾಗದೆ ಇರುವುದು ಇವಳಿಗೆ ರಕ್ಷೆ. ಮಗುವಿನ ಮಟ್ಟಿಗೆ ಅದೇ ಗೈರುಹಾಜರಿ ಕುತ್ತಿಗೆಗೆ ಬರುತ್ತದೆ: ಏಕಪಕ್ಷೀಯ ಆದೇಶ, ನ್ಯಾಯಾಂಗ ನಿಂದನೆ, ವಿಮಾನ ಇಳಿದ ಕೂಡಲೇ ವಾರಂಟಿನ ಭಯ. ಒಂದೇ ಕೋರ್ಟಿಗೆ ಒಂದು ಕೈಯಲ್ಲಿ ನಮಸ್ಕಾರ, ಇನ್ನೊಂದು ಕೈಯಲ್ಲಿ ಬೇಡವೆನ್ನುವುದು ಹೇಗೆ? ವಿಚ್ಛೇದನಕ್ಕೆ ತಕರಾರನ್ನು ಉಳಿಸಿಕೊಂಡು ಮಗುವಿನ ವಿಷಯಕ್ಕಷ್ಟೇ ಹಾಜರಾಗಲು ಬರುತ್ತದೆಯೇ ಎಂದು ಅಲ್ಲಿಯ ವಕೀಲರಿಗೆ ಫೋನು ಹಚ್ಚುತ್ತೀರಿ. ನಮ್ಮ ರಾತ್ರಿ ಅವರಿಗೆ ಹಗಲು.

ಹನ್ನೊಂದಕ್ಕೆ ಕರೆಂಟು ಬರುತ್ತದೆ. ಹುಡುಗ ಬೆಂಚಿನ ಮೇಲೆ ನಿದ್ದೆ ಹೋಗಿದ್ದಾನೆ. ನೀವು ಅಫಿಡವಿಟ್ ಬರೆಯುತ್ತೀರಿ. ಮಗುವಿನ ಹಿತವೇ ಮೊದಲು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಅಮೆರಿಕ ಸಹಿ ಹಾಕಿದೆ, ಅನುಮೋದಿಸಿಲ್ಲ. ಗಡಿ ದಾಟಿಸಿದ ಮಕ್ಕಳನ್ನು ಬೇಗ ಹಿಂದಿರುಗಿಸಬೇಕು ಎನ್ನುವ 1980ರ ಹೇಗ್ ಒಡಂಬಡಿಕೆಯಲ್ಲಿ ಅಮೆರಿಕ ಸೇರಿ ನೂರಕ್ಕೂ ಹೆಚ್ಚು ದೇಶಗಳಿವೆ. ಭಾರತ ಇಲ್ಲ. ಎರಡು ದೇಶಗಳೂ ತಮಗೆ ಬೇಕಾದ ಕಾಗದವನ್ನಷ್ಟೇ ಹಿಡಿದುಕೊಂಡಿವೆ, ನಡುವೆ ಈ ಬೆಂಚಿನ ಮೇಲೆ ಹುಡುಗ ಮಲಗಿದ್ದಾನೆ.

ಅಂತರರಾಷ್ಟ್ರೀಯ ಒಡಂಬಡಿಕೆ ನಮ್ಮ ಕೋರ್ಟಿನಲ್ಲಿ ಬರೀ ಅಲಂಕಾರ ಅನ್ನುವವರಿದ್ದಾರೆ. ನೀವು ಒಪ್ಪುವುದಿಲ್ಲ. ಕಾದಂಬರಿಕಾರ್ತಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ, 1999ರಲ್ಲಿ, ಹಿಂದೂ ಮಗುವಿಗೆ ಸಹಜ ಪಾಲಕ ತಂದೆ, ಅವನ ‘ನಂತರ’ ತಾಯಿ ಎಂಬ 1956ರ ಕಾಯ್ದೆಯ ಮಾತನ್ನು ಸುಪ್ರೀಂ ಕೋರ್ಟ್ ಸಡಿಲಿಸಿತು. ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಪಾಲಕಿ ಎಂದಿತು. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣಾ ಒಡಂಬಡಿಕೆಯನ್ನು ಅದು ಅಲ್ಲಿ ನೆನೆಯಿತು. ಆ ಸಾಲನ್ನು ಅಫಿಡವಿಟ್ಟಿಗೆ ಸೇರಿಸುತ್ತೀರಿ. ಅದರ ಕೆಳಗೆ 2017ರ ತೀರ್ಪು. ನಮ್ಮ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಅವರೂ ಇದ್ದ ತ್ರಿಸದಸ್ಯ ಪೀಠ ಹೇಳಿದ್ದು: ವಿದೇಶಿ ಆದೇಶ ಲೆಕ್ಕಕ್ಕೆ ಹಿಡಿಯಬೇಕಾದ ಒಂದು ಅಂಶ ಅಷ್ಟೆ, ಮಗುವಿನ ಕ್ಷೇಮ ಅದಕ್ಕಿಂತ ಮೇಲು.

ಬೆಳಿಗ್ಗೆ ಇ.ಎಸ್.ಐ. ಆಸ್ಪತ್ರೆ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತುತ್ತೀರಿ. ಅಮೀರ್‌ಪೇಟೆಯಲ್ಲಿ ಜನ ನುಗ್ಗುತ್ತಾರೆ, ಫೈಲು ಎದೆಗೊತ್ತುತ್ತದೆ. ಎಂ.ಜಿ.ಬಿ.ಎಸ್.ನಲ್ಲಿ ಇಳಿದರೆ ಮೂಸಿಯ ನಾತ ಮೂಗಿಗೆ ರಾಚುತ್ತದೆ. ನದಿಯ ದಂಡೆಯಲ್ಲಿ ಹೈಕೋರ್ಟಿನ ಕೆಂಪು ಕಲ್ಲು, ಗುಮ್ಮಟಗಳು. ಕಟ್ಟಡ 1920ರದು. ಒಳಗೆ ಕೋಟಿನಡಿ ಬೆನ್ನ ಮೇಲೆ ಬೆವರಿಳಿಯುವುದು ಇವತ್ತಿನದು.

ಕೋರ್ಟ್ ಹಾಲ್ ಕಿಕ್ಕಿರಿದಿದೆ. ನಿಮ್ಮ ಐಟಂ ಕೂಗುತ್ತಾರೆ. ಗಂಡನ ಪರ ಹಿರಿಯ ವಕೀಲರು ಎದ್ದು ಸಹಿ ಮಾಡಿದ ಕಾಗದವನ್ನೇ ಮೊದಲು ಓದುತ್ತಾರೆ. ನೀವು ಎದುರು ನೋಡಿದ್ದೇ. ಹಿಂದಿನ ಸಾಲಿನಲ್ಲಿ ಅವನು ಕೂತಿದ್ದಾನೆ, ಕಣ್ಣು ಕೆಂಪು, ನಿದ್ದೆ ಅವನಿಗೂ ಇಲ್ಲ. ಮಗನನ್ನು ಕಾಣದೆ ಅವನಿಗೂ ತಿಂಗಳುಗಳಾಗಿವೆ ಎನ್ನುವುದನ್ನು ನೀವು ಮರೆಯುವ ಹಾಗಿಲ್ಲ.

ನ್ಯಾಯಮೂರ್ತಿಗಳಿಬ್ಬರು ಹುಡುಗನನ್ನು ಚೇಂಬರಿಗೆ ಕರೆಯುತ್ತಾರೆ. ಬಾಗಿಲು ಮುಚ್ಚುತ್ತದೆ. ತಾಯಿ ನಿಮ್ಮ ಮೊಣಕೈ ಹಿಡಿಯುತ್ತಾಳೆ, ಉಗುರು ಒತ್ತುತ್ತದೆ.

“ಅಜ್ಜಾನ ಹತ್ರ ಇರ್ತೀನಿ ಅಂತಾನ್ರಿ. ಅಂದ್ರ ಸಾಕಲ್ರಿ?”

ಸಾಕಾಗುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಿಂದ ತಾಯಿ ಬೆಂಗಳೂರಿಗೆ ಕರೆತಂದ ಹುಡುಗನೊಬ್ಬನ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಅವನ ಮಾತು ಕೇಳಿ ತಾಯಿಯ ಬಳಿಯೇ ಬಿಟ್ಟಿತ್ತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಮಗುವಿನ ಇಷ್ಟವನ್ನು ಮಗುವಿನೊಡನೆ ಮಾತಾಡಿ ತಿಳಿಯಬಹುದು, ಹಿತ ಯಾವುದೆಂದು ತೀರ್ಮಾನಿಸುವುದು ಕೋರ್ಟಿನ ಕೆಲಸ ಎಂದಿತು. ಇದನ್ನು ಈಗ ಇವಳಿಗೆ ಹೇಳುವುದೇ? ಹೇಳುತ್ತೀರಿ, ಮೆಲ್ಲಗೆ. ಕೈ ಸಡಿಲವಾಗುತ್ತದೆ.

ಬಾಗಿಲು ತೆರೆಯಿತು. ಹುಡುಗ ಬಂದ. ಪೀಠ ಕುಳಿತುಕೊಂಡಿತು.

“ಕೌನ್ಸೆಲ್, ನಿಮ್ಮ ಕಕ್ಷಿದಾರರು ಮಗುವಿನ ಜೊತೆ ಹೋಗಲು ತಯಾರಿದ್ದಾರೆಯೇ? ಹೌದೋ, ಅಲ್ಲವೋ?”

ಗಂಟಲು ಒಣಗಿದೆ. ಇಲ್ಲ ಅಂದರೆ ವಾದ ಮುಂದುವರಿಯುತ್ತದೆ. ಸೋತರೆ ಹುಡುಗ ಒಬ್ಬನೇ ಅಪ್ಪನ ಕೈಗೆ. ಹೌದು ಅಂದರೆ ಅವಳನ್ನು ಹೊಡೆತ ತಿಂದ ಊರಿಗೆ ನೀವೇ ಕಳಿಸಿದಂತೆ. ತಿರುಗಿ ನೋಡುತ್ತೀರಿ. ಅವಳು ನಿಮ್ಮನ್ನಲ್ಲ, ಮಗನ ನೇರಳೆ ಹೆಬ್ಬೆರಳನ್ನು ನೋಡುತ್ತಿದ್ದಾಳೆ. ಒಮ್ಮೆ ತಲೆಯಾಡಿಸುತ್ತಾಳೆ. ಅದು ಹೌದೇ? ಹೌದು.

“ಷರತ್ತಿನ ಮೇಲೆ, ಮೈ ಲಾರ್ಡ್ಸ್.” ನಿಮ್ಮ ದನಿ ನಿಮಗೇ ಅಪರಿಚಿತ. ಒಂದೇ ಉಸಿರಿಗೆ ಹೇಳುತ್ತೀರಿ: ಇಬ್ಬರ ಟಿಕೆಟ್ಟು, ಬೇರೆ ಮನೆ, ತಿಂಗಳ ಖರ್ಚು, ವಕೀಲರ ಶುಲ್ಕ ಎಲ್ಲ ಗಂಡನದು. ವಾರಂಟಿಗೆ ಅವನು ಒತ್ತಾಯಿಸಬಾರದು. ಅಲ್ಲಿಯ ಕೋರ್ಟ್ ಹೊಸದಾಗಿ ವಿಚಾರಿಸುವ ತನಕ ಹುಡುಗ ತಾಯಿಯ ಬಳಿಯೇ. ಹಲ್ಲೆಯ ದೂರನ್ನು ಅಲ್ಲಿ ಎತ್ತುವ ಹಕ್ಕು ಹಾಗೇ ಇರಬೇಕು. ಇದಿಷ್ಟನ್ನು ಅವನು ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕು.

ಹಿರಿಯ ವಕೀಲರು ಹಿಂದೆ ಬಾಗಿ ಅವನ ಕಿವಿಯಲ್ಲಿ ಏನೋ ಕೇಳುತ್ತಾರೆ. ಅವನು ಒಪ್ಪುತ್ತಾನೆ. ಪೀಠ ಆದೇಶ ಹೇಳಿ ಬರೆಸುತ್ತದೆ. ನಾಲ್ಕು ವಾರ ಗಡುವು.

ನೀವು ಗೆದ್ದಿರಾ? ನನ್ನ ಪ್ರಕಾರ ಇಲ್ಲ, ಸೋಲಿಗೊಂದು ಬೇಲಿ ಕಟ್ಟಿದಿರಿ. ಇಂಥ ಪ್ರಕರಣಗಳಲ್ಲಿ ಒಳ್ಳೆಯ ವಕೀಲೆಯಿಂದ ಆಗುವುದು ಹೆಚ್ಚಾಗಿ ಅಷ್ಟೇ. ಇದನ್ನು ವ್ಯವಸ್ಥೆಯ ತಪ್ಪೆಂದೇ ನಾನು ಹೇಳುತ್ತೇನೆ. ಹೇಗ್ ಒಡಂಬಡಿಕೆಯೂ ಮಗುವಿಗೆ ಗಂಭೀರ ಅಪಾಯವಿದ್ದರೆ ಹಿಂದಿರುಗಿಸುವುದು ಬೇಡ ಎನ್ನುತ್ತದೆ, ಆದರೆ ತಾಯಿಗೆ ಬಿದ್ದ ಹೊಡೆತ ಆ ಅಪಾಯದ ಲೆಕ್ಕಕ್ಕೆ ಬರುತ್ತದೆಂದು ಅದರಲ್ಲಿ ಬರೆದಿಲ್ಲ. ನಮ್ಮಲ್ಲಿ 2016ರಲ್ಲಿ ಒಂದು ಮಸೂದೆಯ ಕರಡು ಬಂತು, ಕಾನೂನು ಆಯೋಗವೂ ಅದೇ ವರ್ಷ ವರದಿ ಕೊಟ್ಟಿತು. ಕಾಯ್ದೆಯಾಗಲಿಲ್ಲ. ಹೀಗಾಗಿ ಪ್ರತಿಯೊಬ್ಬ ತಾಯಿಯೂ ಒಂದು ಪೀಠದ ಎದುರು ಮೊದಲಿಂದ ಶುರು ಮಾಡಬೇಕು.

ನಿಮ್ಮ ಮನೆಯ ಮಗಳೋ ತಂಗಿಯೋ ಹೊರದೇಶದಲ್ಲಿ ಇಂಥ ಸಂಕಟದಲ್ಲಿದ್ದರೆ ಟಿಕೆಟ್ ತೆಗೆಸುವ ಮೊದಲು ಇಷ್ಟು ಹೇಳಿ: ಓದದೆ ಸಹಿ ಬೇಡ. ಹೊಡೆತ ಬಿದ್ದ ದಿನವೇ ವೈದ್ಯರ ಚೀಟಿ, ಪೊಲೀಸ್ ದೂರು. ಕೋರ್ಟಿನ ನೋಟಿಸ್ ಬಂದರೆ ಬೀರುವಿನಲ್ಲಿ ಇಡಬೇಡ, ಅದೇ ವಾರ ಎರಡೂ ದೇಶದ ವಕೀಲರಿಗೆ ತೋರಿಸು.